ನೆರಳು, ಶೀತ, ಬಡ ಮಣ್ಣು: ಪುಟ್ಟ ಕೈತೋಟಕ್ಕೆ ಯಾವ ದಾರಿ ಹೊಂದುತ್ತದೆ?

ಗೋಡೆಗೂ ಮರಕ್ಕೂ ನಡುವೆ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಜಾಗ. ಕಾಲಿಟ್ಟರೆ ಪಚಕ್ಕೆನ್ನುವ ನೆಲ, ಗೋಡೆಯ ಬುಡದಲ್ಲಿ ಪಾಚಿ. ನೆಟ್ಟ ಗಿಡಗಳೆಲ್ಲ ಎರಡು ಮೂರು ತಿಂಗಳಿಗೆ ಹಳದಿ ತಿರುಗಿ ಕೂರುತ್ತವೆ. ಆಗ ಹೆಚ್ಚಿನವರು ಮಾಡುವ ಕೆಲಸ ಒಂದೇ: ಹತ್ತು ಚೀಲ ಗೊಬ್ಬರ ತಂದು ಸುರಿದು ಹೊಸ ಗಿಡ ನೆಡುವುದು. ಅವೂ ಹೋಗುತ್ತವೆ. ಇಂಥ ಜಾಗದ ದೋಷಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ನೆರಳಿರುವುದರಿಂದ ನೀರು ಆರುವುದಿಲ್ಲ; ಆರದ ನೀರು ಮಣ್ಣಿನೊಳಗಿನ ಗಾಳಿಯನ್ನು ಹೊರದೂಡುತ್ತದೆ; ಗಾಳಿಯಿಲ್ಲದ ಮಣ್ಣಿನಲ್ಲಿ ಎರೆಹುಳು ನಿಲ್ಲುವುದಿಲ್ಲ, ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ, ಹಾಕಿದ ಗೊಬ್ಬರ ಕಳಿಯುವ ಬದಲು ನಾರುತ್ತದೆ. ಈ ಗಂಟನ್ನು ಬಿಚ್ಚಬೇಕಾದ್ದು ನೀರಿನ ತುದಿಯಿಂದ.

ನೀರಿನ ವಿಷಯದಲ್ಲಿ ಇರುವ ದಾರಿ ಮೂರು. ನೀರನ್ನು ಹೊರಗೆ ಸಾಗಿಸುವುದು, ಅಂದರೆ ಬಸಿಗಾಲುವೆ. ನೀರಿಗಿಂತ ಮೇಲೆ ಹೋಗಿ ನೆಡುವುದು, ಅಂದರೆ ಏರುಮಡಿ. ನೀರನ್ನು ಒಪ್ಪಿಕೊಂಡು ಅದಕ್ಕೆ ಒಗ್ಗುವ ಗಿಡ ಹಾಕುವುದು, ಅಂದರೆ ತಗ್ಗುಪಾತಿ. ಮೂರನ್ನೂ ಅರ್ಧರ್ಧ ಮಾಡಿದವರ ತೋಟ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ. ಜಾಗದ ಒಂದೊಂದು ಭಾಗಕ್ಕೆ ಒಂದು ದಾರಿ ಅಂತ ನಿರ್ಧರಿಸಿ ಅದನ್ನು ಪೂರ್ತಿ ಮಾಡಬೇಕು. ಯಾವ ಭಾಗಕ್ಕೆ ಯಾವುದು ಎಂಬುದನ್ನು ಒಂದು ಗುಂಡಿ ಹೇಳಿಬಿಡುತ್ತದೆ.

ಮೊದಲು ಗುಂಡಿ ತೋಡಿ

ಒಂದು ಅಡಿ ಆಳ, ಒಂದು ಅಡಿ ಅಗಲದ ಗುಂಡಿ ತೆಗೆಯಿರಿ. ತೆಗೆಯುತ್ತಿರುವಾಗಲೇ ನೋಡಬೇಕಾದ್ದು ಬಹಳ ಇರುತ್ತದೆ. ಮೇಲಿನ ಮೂರು ನಾಲ್ಕು ಇಂಚು ಕಪ್ಪಗೆ ಸಡಿಲವಾಗಿದ್ದು, ಕೆಳಗೆ ಹಾರೆ ಠಣ್ ಎನ್ನುವಷ್ಟು ಗಟ್ಟಿ ಪದರ ಸಿಕ್ಕಿದರೆ, ಅದು ಕಟ್ಟಡದ ಕೆಲಸದಲ್ಲಿ ತುಳಿದು ಗಟ್ಟಿಯಾದ ನೆಲ. ಇಟ್ಟಿಗೆ ಚೂರು, ಗಾರೆ ಸಿಕ್ಕಿದರೆ ಮಣ್ಣಿನ ರಸಸಾರ (pH, ಅಂದರೆ ಹುಳಿ-ಕ್ಷಾರದ ಅಳತೆ) ಹೆಚ್ಚಿರುವ ಸಾಧ್ಯತೆ ದೊಡ್ಡದು. ಆಮ್ಲೀಯ ಮಣ್ಣು ಬೇಡುವ ಗಿಡಗಳನ್ನು ಅಲ್ಲಿ ನೆಡುವ ಯೋಚನೆಯನ್ನೇ ಬಿಟ್ಟುಬಿಡಿ. ಅಡಿಯ ಮಣ್ಣು ಬೂದು ನೀಲಿ ಬಣ್ಣಕ್ಕೆ ತಿರುಗಿ, ನಡುನಡುವೆ ತುಕ್ಕಿನ ಚುಕ್ಕೆಗಳಿದ್ದು, ಮೂಗಿಗೆ ಹಿಡಿದರೆ ಕೊಳೆತ ಮೊಟ್ಟೆಯ ವಾಸನೆ ಬಂದರೆ, ಆ ಪದರದಲ್ಲಿ ವರ್ಷದ ಬಹುಭಾಗ ನೀರು ನಿಂತೇ ಇರುತ್ತದೆ ಎಂದು ಲೆಕ್ಕ.

ಈಗ ಗುಂಡಿಗೆ ನೀರು ತುಂಬಿ ಇಂಗಲು ಬಿಡಿ. ಮೊದಲ ಸಲದ ನೀರು ಒಣ ಮಣ್ಣನ್ನು ನೆನೆಸುವುದಕ್ಕೆ ಖರ್ಚಾಗುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಎರಡನೇ ಸಲ ತುಂಬಿ, ಒಂದು ಕೋಲಿಗೆ ಗುರುತು ಮಾಡಿ ನಿಲ್ಲಿಸಿ, ಗಂಟೆಗೆ ಎಷ್ಟು ಇಳಿಯಿತು ನೋಡಿ.

ಗಂಟೆಗೆ ಒಂದು ಇಂಚು ಅಥವಾ ಹೆಚ್ಚು ಇಳಿದರೆ ಮಣ್ಣಿನಲ್ಲಿ ದೊಡ್ಡ ತಪ್ಪಿಲ್ಲ. ಎಲ್ಲಿಂದಲೋ ಹೆಚ್ಚುವರಿ ನೀರು ಬರುತ್ತಿದೆ, ಅದನ್ನು ತಪ್ಪಿಸಿದರೆ ಸಾಕು. ಕಾಲು ಇಂಚಿನಿಂದ ಒಂದು ಇಂಚಿನೊಳಗಿದ್ದರೆ ಏರುಮಡಿಯೂ ಆದೀತು, ತಗ್ಗುಪಾತಿಯೂ ಆದೀತು. ಕಾಲು ಇಂಚಿಗಿಂತ ಕಡಿಮೆಯಾದರೆ ನೇರ ನೆಲಕ್ಕೆ ಮಾಮೂಲಿ ಗಿಡ ನೆಡುವ ಆಸೆ ಬಿಡಬೇಕು. ನೀರು ಹಾಕದೆಯೇ ಗುಂಡಿಯ ತಳದಿಂದ ನೀರು ಊರಿ ಬಂದರೆ ಅಂತರ್ಜಲವೇ ಮೇಲಿದೆ. ಅಲ್ಲಿ ಇಂಗುಗುಂಡಿ ತೋಡುವುದು ತುಂಬಿದ ಕೊಡಕ್ಕೆ ನೀರು ಹೊಯ್ದ ಹಾಗೆ.

ಒಂದೇ ಗುಂಡಿ ಸಾಲದು. ಪುಟ್ಟ ಜಾಗದಲ್ಲೂ ಮೂರು ಕಡೆ ನೋಡಿ: ಗೋಡೆಯ ಬುಡದಿಂದ ಎರಡು ಅಡಿ ದೂರ, ನಡುವೆ, ಮರದ ಹತ್ತಿರ. ಸೂರಿನ ಕೆಳಗೆ ಮಳೆ ಬೀಳದ ಪಟ್ಟಿಯೊಂದು ಇರುತ್ತದೆ, ಮರದ ಬೇರು ಹೀರಿಕೊಳ್ಳುವ ವಲಯವೊಂದು ಇರುತ್ತದೆ. ತೋಟವೆಲ್ಲ ಶೀತ ಎಂದುಕೊಂಡು ಅಲ್ಲಿ ಜರಿಗಿಡ ನೆಟ್ಟರೆ ಅದು ಸಾಯುವುದು ನೀರಿಲ್ಲದೆ.

ಚಾವಣಿಯ ನೀರು ಎಲ್ಲಿಗೆ ಬೀಳುತ್ತಿದೆ?

ಮೂರು ದಾರಿಗಳನ್ನು ತೂಗುವ ಮುಂಚೆ ಇದೊಂದನ್ನು ನೋಡಿ, ಎಷ್ಟೋ ಕಡೆ ರೋಗ ಇಷ್ಟೇ ಆಗಿರುತ್ತದೆ. 200 ಚದರ ಅಡಿ ಚಾವಣಿಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 460 ಲೀಟರ್ ನೀರು. ಆ ಕೊಳವೆಯ ಬಾಯಿ ಈ ಪುಟ್ಟ ಜಾಗಕ್ಕೇ ಬಿಟ್ಟಿದ್ದರೆ ಯಾವ ಮಣ್ಣು ತಾನೇ ತಡೆದೀತು? ಕೊಳವೆಯನ್ನು ಡ್ರಮ್ಮಿಗೋ ತೊಟ್ಟಿಗೋ ಚರಂಡಿಗೋ ತಿರುಗಿಸಿ. ಸೋರುವ ನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ನೀರು, ಒಡೆದ ಪೈಪು ಇವನ್ನೂ ನೋಡಿ. ನೆಲದ ವಾಟ ಮನೆಯ ಕಡೆಗಿದ್ದರೆ ಮೊದಲ ಆರು ಅಡಿಯಲ್ಲಾದರೂ ಹೊರಮುಖವಾಗಿ ತಿದ್ದಿ: ಆರು ಅಡಿಗೆ ಒಂದೂವರೆ ಇಂಚು ಇಳಿದರೆ ಸಾಕು. ಇಷ್ಟು ಮಾಡಿ ಒಂದು ಮಳೆ ಕಾದು ನೋಡಿ. ಆಮೇಲೂ ನೆಲ ಜೌಗಾಗಿಯೇ ಇದ್ದರೆ ಮುಂದಕ್ಕೆ ಓದಿ.

ಬಸಿಗಾಲುವೆ, ಏರುಮಡಿ, ತಗ್ಗುಪಾತಿ

ಬಸಿಗಾಲುವೆ ಕೇಳಲು ಶಾಸ್ತ್ರೀಯ ಪರಿಹಾರ, ಆದರೆ ಅದಕ್ಕೊಂದು ಷರತ್ತಿದೆ: ನೀರು ಹೋಗಿ ಸೇರಲು ತೋಟಕ್ಕಿಂತ ತಗ್ಗಾದ ಜಾಗ ಇರಲೇಬೇಕು. ಸುತ್ತ ಗೋಡೆಯಿರುವ ಜಾಗದಲ್ಲಿ ಅದು ಇರುವುದೇ ಅಪರೂಪ. ಇದ್ದರೆ ಕ್ರಮ ಹೀಗೆ: ಒಂದು ಅಡಿ ಅಗಲ, ಒಂದೂವರೆ ಅಡಿ ಆಳದ ಕಾಲುವೆ, ನೂರಕ್ಕೆ ಒಂದರಂತೆ ವಾಟ, ಅಂದರೆ ಹನ್ನೆರಡು ಅಡಿಗೆ ಒಂದೂವರೆ ಇಂಚು, ಒಳಗೆ ನೀರು ಬಿಟ್ಟು ಹೂಳು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಎರಡು ಇಂಚು 20 ಮಿ.ಮೀ. ಜಲ್ಲಿ, ಅದರ ಮೇಲೆ ತೂತಿರುವ ನಾಲ್ಕಿಂಚಿನ ಪೈಪು. ತೂತು ಕೆಳಮುಖವಾಗಿರಲಿ. ನೀರು ಕೆಳಗಿನಿಂದ ಏರಿ ಪೈಪಿಗೆ ಸೇರಬೇಕು. ಮೇಲ್ಮುಖವಾಗಿ ಇಟ್ಟರೆ ಪೈಪು ಮುಳುಗುವ ತನಕ ಕೆಲಸ ಶುರುವಾಗುವುದಿಲ್ಲ. ಮೇಲೆ ಜಲ್ಲಿ ತುಂಬಿ, ಬಟ್ಟೆ ಮಡಚಿ ಮುಚ್ಚಿ, ನಾಲ್ಕು ಇಂಚು ಮಣ್ಣು ಹಾಕಿ. ಬಟ್ಟೆಯ ಖರ್ಚು ಉಳಿಸಿದರೆ ಕೆಲವೇ ವರ್ಷಕ್ಕೆ ಜಲ್ಲಿಯ ಸಂದಿಯಲ್ಲಿ ಹೂಳು ತುಂಬಿ ಕಾಲುವೆ ಕುರುಡಾಗುತ್ತದೆ. ಪಾಯಕ್ಕೆ ಅಂಟಿಕೊಂಡು ಕಾಲುವೆ ತೋಡಬೇಡಿ. ನಿಮ್ಮ ನೀರನ್ನು ಪಕ್ಕದವರ ಗೋಡೆಯ ಬುಡಕ್ಕೆ ಬಿಡುವುದು ಪರಿಹಾರವಲ್ಲ, ಜಗಳ. ಅಂಟು ಜೇಡಿಮಣ್ಣಿನಲ್ಲಿ ಬಸಿಗಾಲುವೆಯ ಕೈ ಎಟುಕುವುದು ಅಕ್ಕಪಕ್ಕದ ಕೆಲವೇ ಅಡಿಗಳಿಗೆ ಎಂಬುದನ್ನೂ ನೆನಪಿಡಿ.

ಏರುಮಡಿ ಹೆಚ್ಚಿನ ಪುಟ್ಟ ತೋಟಗಳಿಗೆ ಖಚಿತವಾಗಿ ಫಲ ಕೊಡುವ ದಾರಿ. ಒಳ್ಳೆಯ ಮಣ್ಣನ್ನೇ ತಂದು ತುಂಬುವುದರಿಂದ ಶೀತ ಮತ್ತು ಬಡ ಮಣ್ಣು ಎರಡೂ ಒಟ್ಟಿಗೆ ತೀರುತ್ತವೆ. ಅದರ ಕಷ್ಟ ತೂಕದಲ್ಲಿದೆ. 120 ಚದರ ಅಡಿಯನ್ನು ಪೂರ್ತಿ ಒಂದು ಅಡಿ ಏರಿಸಲು 120 ಘನ ಅಡಿ ಮಣ್ಣು ಬೇಕು. ಅದು ನಾಲ್ಕೈದು ಟನ್. ಮನೆಯ ಒಳಗಿಂದ ಬುಟ್ಟಿಯಲ್ಲಿ ಹೊತ್ತು ತರಬೇಕಾದ ಜಾಗವಾದರೆ ಬೆನ್ನು ಬಗ್ಗುತ್ತದೆ. ಹಾಗಾಗಿ ಇಡೀ ಜಾಗ ಏರಿಸುವ ಬದಲು ಎರಡು ಮಡಿ ಮಾಡಿ, ನಡುವಿನ ದಾರಿಯನ್ನು ತಗ್ಗಾಗಿಯೇ ಬಿಡಿ. ಎಂಟು ಅಡಿ ಉದ್ದ, ಎರಡೂವರೆ ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಒಂದು ಮಡಿಗೆ 25 ಘನ ಅಡಿ, ಅಂದರೆ ಸುಮಾರು 700 ಲೀಟರ್ ಮಿಶ್ರಣ ಸಾಕು. ತುಂಬಿದ ಮಣ್ಣು ಮೊದಲ ವರ್ಷದಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಕುಗ್ಗುತ್ತದೆ, ಅಷ್ಟು ಜಾಸ್ತಿ ಹಾಕಿ.

ಒಂದೇ ಬದಿಯಿಂದ ಕೈ ಹಾಕುವ ಮಡಿ ಎರಡೂವರೆ ಅಡಿಗಿಂತ ಅಗಲ ಬೇಡ; ಎರಡು ಬದಿಯಿಂದ ಎಟುಕುವುದಾದರೆ ನಾಲ್ಕು ಅಡಿ. ಎತ್ತರ: ಜರಿಗಿಡ, ನೆಲಹರಡು ಗಿಡಗಳಿಗೆ ಎಂಟು ಇಂಚು, ಸಣ್ಣ ಪೊದೆಗಳಿಗೆ ಒಂದು ಅಡಿಯ ಮೇಲೆ. ಕಲ್ಲು, ಇಟ್ಟಿಗೆಯ ಕಟ್ಟೆಯಾದರೆ ಮೂರು ಅಡಿಗೊಂದರಂತೆ ಬುಡದಲ್ಲಿ ನೀರು ಬಸಿಯಲು ಕಿಂಡಿ ಬಿಡಿ. ಶೀತದ ನೆರಳಿನಲ್ಲಿ ಮರದ ಹಲಗೆ ಕೊಳೆಯುವುದು ಬೇಗ. ಮಣ್ಣು ತುಂಬುವ ಮುಂಚೆ ಹಳೆಯ ನೆಲವನ್ನು ಅರ್ಧ ಅಡಿ ಅಗೆದು ಸಡಿಲಿಸಿ. ಇಲ್ಲದಿದ್ದರೆ ಹೊಸ ಮಣ್ಣಿಗೂ ಹಳೆಯ ಗಟ್ಟಿ ನೆಲಕ್ಕೂ ನಡುವೆ ನೀರು ನಿಂತು, ಬೇರು ಆ ಗೆರೆಯಲ್ಲೇ ಕೊಳೆಯುತ್ತದೆ.

ಎರಡು ಕಡೆ ಏರುಮಡಿ ಬೇಡವೇ ಬೇಡ. ಒಂದು, ಮನೆಯ ಗೋಡೆಗೆ ತಾಗಿಸಿ. ಪಾಯದ ಮೇಲೆ ಶೀತ ಏರದಂತೆ ಹಾಕಿರುವ ಪದರಕ್ಕಿಂತ ಮಣ್ಣು ಅರ್ಧ ಅಡಿಯಾದರೂ ಕೆಳಗೇ ಇರಬೇಕು, ಇಲ್ಲವಾದರೆ ತೋಟದ ಶೀತ ಮನೆಯೊಳಗಿನ ಗೋಡೆಗೆ ಹತ್ತುತ್ತದೆ. ಇನ್ನೊಂದು, ದೊಡ್ಡ ಮರದ ಬುಡದಲ್ಲಿ. ಉಸಿರಾಡುವ ಬೇರುಗಳು ಮೇಲಿನ ಒಂದೆರಡು ಅಡಿಯಲ್ಲೇ ಇರುತ್ತವೆ. ಅವುಗಳ ಮೇಲೆ ಒಂದು ಅಡಿ ಮಣ್ಣು ಹೇರಿದರೆ ಮರ ಕೆಲವು ವರ್ಷ ತಡೆದು ಆಮೇಲೆ ತುದಿಯಿಂದ ಒಣಗತೊಡಗುತ್ತದೆ. ಬುಡಕ್ಕೆ ಮಣ್ಣು ಕಟ್ಟಿದರೆ ತೊಗಟೆಯೂ ಕೊಳೆಯುತ್ತದೆ.

ತಗ್ಗುಪಾತಿ ಎಂದರೆ ನೀರು ಬಂದು ಸೇರಲೆಂದೇ ಮಾಡಿದ ಆರು ಇಂಚು ಆಳದ ಚಪ್ಪಟೆ ತಳದ ಪಾತಿ. 30 ಚದರ ಅಡಿಯ ಪಾತಿ 425 ಲೀಟರ್‌ನಷ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಹೇಳಿದ ಚಾವಣಿಯ ನೀರನ್ನು ಹೆಚ್ಚುಕಡಿಮೆ ಪೂರ್ತಿ. ಕೆಲಸ ಕಡಿಮೆ, ಮಣ್ಣು ತರುವುದು ಬೇಡ, ತೆಗೆದ ಮಣ್ಣು ಪಕ್ಕದ ಮಡಿಗೆ ಬರುತ್ತದೆ. ಪರೀಕ್ಷೆಯ ಗುಂಡಿಯಲ್ಲಿ ಗಂಟೆಗೆ ಕಾಲು ಇಂಚಾದರೂ ಇಳಿದಿದ್ದರೆ ಆರು ಇಂಚು ನೀರು ಒಂದು ದಿನದಲ್ಲಿ ಇಂಗುತ್ತದೆ. ಎರಡು ದಿನ ದಾಟಬಾರದು. ಬೆಚ್ಚಗಿನ ಹವೆಯಲ್ಲಿ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಏಳರಿಂದ ಹತ್ತು ದಿನ ಸಾಕು, ಮತ್ತು ಮಳೆ ಬಿಟ್ಟುಬಿಟ್ಟು ಬಂದರೆ ನಿಂತ ನೀರಿಗೆ ಹೊಸ ನೀರು ಸೇರುತ್ತಲೇ ಇರುತ್ತದೆ. ಪಾತಿ ಪಾಯದಿಂದ ಹತ್ತು ಅಡಿ ದೂರವಿರಬೇಕು ಎಂಬುದು ಇದರ ದೊಡ್ಡ ಕಟ್ಟುಪಾಡು. ತೀರ ಪುಟ್ಟ ಜಾಗದಲ್ಲಿ ದೂರದ ಮೂಲೆಯೊಂದೇ ಸಿಗುತ್ತದೆ, ಒಮ್ಮೊಮ್ಮೆ ಅದೂ ಸಿಗುವುದಿಲ್ಲ.

ನಮ್ಮ ಆಯ್ಕೆ ಕೇಳಿದರೆ: ತಗ್ಗಾದ ಹೊರದಾರಿ ಇಲ್ಲದ ಜಾಗದಲ್ಲಿ ಬಸಿಗಾಲುವೆಯ ಯೋಚನೆಯೇ ಬೇಡ. ಒಂದು ಬದಿ ಏರುಮಡಿ, ಅತಿ ಒದ್ದೆಯ ಮೂಲೆಯಲ್ಲಿ ತಗ್ಗುಪಾತಿ. ಅಂತರ್ಜಲವೇ ಮೇಲಿದ್ದರೆ ಏರುಮಡಿ ಮತ್ತು ದೊಡ್ಡ ಕುಂಡ, ಅಷ್ಟೇ.

ಕುಂಡದ ಮಾತು ಬಂದಿದ್ದರಿಂದ ಒಂದು ಹಳೆಯ ನಂಬಿಕೆಯನ್ನೂ ಮುಗಿಸಿಬಿಡೋಣ. ಕುಂಡದ ಅಡಿಗೆ ಜಲ್ಲಿ, ಮಡಕೆ ಚೂರು ಹಾಕಿದರೆ ನೀರು ಬೇಗ ಬಸಿಯುತ್ತದೆ ಎನ್ನುತ್ತಾರೆ. ನುಣ್ಣನೆಯ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಇಳಿಯುವುದು ಮೇಲಿನ ಮಣ್ಣು ಪೂರ್ತಿ ನೆನೆದ ಮೇಲೆಯೇ. ಜಲ್ಲಿ ಹಾಕಿದಾಗ ಆ ಒದ್ದೆ ಪದರ ಕುಂಡದ ತಳದಿಂದ ಬೇರಿನ ಮಟ್ಟಕ್ಕೆ ಏರಿ ಕೂರುತ್ತದೆ. ತೂತಿನ ಮೇಲೆ ಮಣ್ಣು ಜಾರದಂತೆ ಒಂದು ಚೂರು ಬಲೆ ಇಟ್ಟು, ಅಡಿಯಿಂದ ಅಂಚಿನವರೆಗೆ ಒಂದೇ ಮಿಶ್ರಣ ತುಂಬಿ.

ಮಣ್ಣಿಗೆ ಏನು ಬೆರೆಸಬೇಕು, ಏನು ಬೆರೆಸಬಾರದು

ಜೇಡಿಮಣ್ಣಿಗೆ ಮರಳು ಹಾಕಿದರೆ ಸಡಿಲವಾಗುತ್ತದೆ ಎಂಬುದು ಅತಿ ಹೆಚ್ಚು ಕೇಳಿಬರುವ, ಅತಿ ಹೆಚ್ಚು ಕೈಕೊಡುವ ಸಲಹೆ. ಒಟ್ಟು ಗಾತ್ರದ ಅರ್ಧದಷ್ಟಾದರೂ ಮರಳು ಸೇರದೆ ಜೇಡಿಯ ಗುಣ ಬದಲಾಗುವುದಿಲ್ಲ. ನಾಲ್ಕು ಬುಟ್ಟಿ ಹಾಕಿ ಕಲಸಿದರೆ ಮರಳಿನ ಸಂದಿಗೆಲ್ಲ ಜೇಡಿ ತುಂಬಿ, ಒಣಗಿದಾಗ ಇಟ್ಟಿಗೆಯಾಗುತ್ತದೆ. ಮೊದಲಿಗಿಂತ ಗಟ್ಟಿ.

ಜಿಪ್ಸಂ ಕೆಲಸ ಮಾಡುವುದು ಸೋಡಿಯಂ ಹೆಚ್ಚಿರುವ ಮಣ್ಣಿನಲ್ಲಿ ಮಾತ್ರ. ನಿಮ್ಮದು ಅಂಥದ್ದೇ ಎಂದು ತಿಳಿಯಲು ಕಡಲೆಕಾಳಿನ ಗಾತ್ರದ ಒಣ ಹೆಂಟೆಯೊಂದನ್ನು ಗಾಜಿನ ಲೋಟದ ಮಳೆನೀರಿನಲ್ಲಿ ಅಲುಗಾಡಿಸದೆ ಇಳಿಬಿಡಿ. ಕೆಲವು ಗಂಟೆಯಲ್ಲಿ ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಹರಡಿದರೆ ಜಿಪ್ಸಂನಿಂದ ಉಪಯೋಗವಾದೀತು. ಹೆಂಟೆ ಪುಡಿಯಾಗಿ ಬಿದ್ದರೂ ನೀರು ತಿಳಿಯಾಗಿಯೇ ಉಳಿದರೆ ಆ ಖರ್ಚು ದಂಡ.

ತೆಂಗಿನ ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಡುತ್ತದೆ. ಬಿಸಿಲಿನ ಕುಂಡಕ್ಕೆ ಅದು ವರ, ಇಲ್ಲಿ ಅದೇ ಕಾಟ. ಕುಂಡದ ಮಿಶ್ರಣದಲ್ಲಿ ಐದರಲ್ಲೊಂದು ಪಾಲು ದಾಟಿಸಬೇಡಿ, ನೆಲಕ್ಕಂತೂ ಬೇಡ.

ಉಳಿಯುವುದು ಚೆನ್ನಾಗಿ ಕಳಿತ ಗೊಬ್ಬರ. ಎಲೆಗೊಬ್ಬರವೋ ಕಾಂಪೋಸ್ಟೋ ಕೊಟ್ಟಿಗೆ ಗೊಬ್ಬರವೋ, ಯಾವುದಾದರೂ ಆದೀತು; ಕಳಿತಿರಬೇಕು ಎನ್ನುವುದಷ್ಟೇ ಮುಖ್ಯ. ಮುಷ್ಟಿಯಲ್ಲಿ ಹಿಂಡಿದಾಗ ಬಿಸಿಯಿರಬಾರದು, ಸಗಣಿಯ ವಾಸನೆಯಿರಬಾರದು, ಮಳೆ ಬಿದ್ದ ಕಾಡಿನ ನೆಲದ ವಾಸನೆ ಬರಬೇಕು. ಹಸಿ ಗೊಬ್ಬರವನ್ನು ಗಾಳಿಯಿಲ್ಲದ ಮಣ್ಣಿನಲ್ಲಿ ಹೂತರೆ ಇದ್ದಬದ್ದ ಆಮ್ಲಜನಕವನ್ನೂ ಅದೇ ಮುಗಿಸುತ್ತದೆ. ಮೊದಲ ಸಲ ಎರಡು ಇಂಚು ದಪ್ಪ ಹರಡಿ ಮೇಲಿನ ಆರೆಂಟು ಇಂಚಿನಲ್ಲಿ ಬೆರೆಸಿ. 120 ಚದರ ಅಡಿಗೆ ಇದು 20 ಘನ ಅಡಿ, ಅಂದರೆ 40 ಲೀಟರ್‌ನ 14 ಚೀಲ. ಎರಡನೇ ವರ್ಷದಿಂದ ಅಗೆಯುವುದು ಬೇಡ. ವರ್ಷಕ್ಕೆ ಒಂದು ಇಂಚು ಮೇಲೆ ಹರಡಿದರೆ ಎರೆಹುಳುಗಳೇ ಒಳಗೆ ಎಳೆದುಕೊಳ್ಳುತ್ತವೆ. ಮರದ ಪುಡಿ, ಹಸಿ ತೊಗಟೆ ಚೂರುಗಳನ್ನು ಮಣ್ಣಿನೊಳಗೆ ಬೆರೆಸಬೇಡಿ, ಅವು ಕಳಿಯುವಾಗ ಸುತ್ತಲ ಸಾರಜನಕವನ್ನು ಎಳೆದುಕೊಂಡು ಗಿಡ ಹಳದಿಯಾಗುತ್ತದೆ. ಮೇಲಿನ ಹೊದಿಕೆಯಾಗಿ ಹಾಕಿದರೆ ಆ ತೊಂದರೆಯಿಲ್ಲ. ಆದರೂ ಶೀತದ ಜಾಗದಲ್ಲಿ ಹೊದಿಕೆ ಎರಡು ಇಂಚಿಗೆ ಮಿತಿಯಿರಲಿ, ಕಾಂಡದಿಂದ ಒಂದು ಗೇಣು ದೂರವಿರಲಿ.

ಏರುಮಡಿಗೆ: ಎರಡು ಪಾಲು ಹೊರಗಿನಿಂದ ತಂದ ಒಳ್ಳೆಯ ತೋಟದ ಮಣ್ಣು, ಒಂದು ಪಾಲು ಕಳಿತ ಗೊಬ್ಬರ, ಒಂದು ಪಾಲು ದಪ್ಪ ಮರಳು ಅಥವಾ ಸುಟ್ಟ ಭತ್ತದ ಹೊಟ್ಟು. ಇಲ್ಲಿ ಮರಳು ನಡೆಯುತ್ತದೆ, ಏಕೆಂದರೆ ತುಂಬುವ ಮಣ್ಣು ಜೇಡಿಯಲ್ಲ, ಗೋಡುಮಣ್ಣು. ಬರೀ ಗೊಬ್ಬರವನ್ನೇ ತುಂಬಿದ ಮಡಿ ಮೊದಲ ವರ್ಷ ಹುಲುಸಾಗಿ ಬೆಳೆದು ಎರಡನೇ ವರ್ಷ ಅರ್ಧಕ್ಕೆ ಕುಸಿಯುತ್ತದೆ.

ಯಾವಾಗ ಅಗೆಯುವುದು? ಮಣ್ಣು ಹದಕ್ಕೆ ಬಂದಾಗ ಮಾತ್ರ. ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಹೆಬ್ಬೆರಳಿನಿಂದ ಒತ್ತಿ. ಉಂಡೆ ಒಡೆದು ಪುಡಿಯಾದರೆ ಗುದ್ದಲಿ ಹಿಡಿಯಬಹುದು. ಹೆಬ್ಬೆರಳಿನ ಗುರುತು ಅಚ್ಚಾಗಿ ಉಳಿದು ಮಣ್ಣು ಮಿರಮಿರ ಮಿಂಚಿದರೆ ಆ ದಿನ ಕೆಲಸ ಬೇಡ. ಒದ್ದೆ ಜೇಡಿಯನ್ನು ಒಮ್ಮೆ ತುಳಿದು ಅಗೆದರೆ ಕೆಟ್ಟ ರಚನೆ ಸರಿಯಾಗಲು ವರ್ಷಗಳು ಬೇಕು. ಪಾಚಿ ಕಂಡಿತೆಂದು ಸುಣ್ಣ, ಬೂದಿ ಎರಚುವ ಅಭ್ಯಾಸವಿದೆ. ಪಾಚಿ ಬೆಳೆಯುವುದು ಶೀತ, ನೆರಳಿನಿಂದ, ಹುಳಿಮಣ್ಣಿನಿಂದಲೇ ಅಲ್ಲ. ರಸಸಾರ ನೋಡದೆ ಸುಣ್ಣ ಹಾಕಬೇಡಿ. ಹೆಚ್ಚಿನ ನೆರಳಿನ ಗಿಡಗಳಿಗೆ 5.5ರಿಂದ 6.5 ಹಿತ.

ಬೆಳಕು: ಕಡಿಯುವುದೋ, ಬಿಳುಪು ಮಾಡುವುದೋ

ಮಧ್ಯಾಹ್ನ ಒಂದು ಬಿಳಿ ಹಾಳೆಯ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ಬೆರಳುಗಳು ಎಣಿಸುವಷ್ಟು ಸ್ಪಷ್ಟವಾಗಿ ನೆರಳು ಬಿದ್ದರೆ ಬೆಳಕು ಸಾಕಷ್ಟಿದೆ. ಕೈ ಅಂತ ಗೊತ್ತಾಗುವ ಮಬ್ಬು ನೆರಳಾದರೆ ಮಧ್ಯಮ. ನೆರಳೇ ಬೀಳದಿದ್ದರೆ ಕಡುನೆರಳು. ಅಲ್ಲಿ ಹೂವಿನ ಆಸೆ ಬಿಟ್ಟು ಎಲೆಯ ಚೆಲುವಿಗೆ ತೃಪ್ತಿಪಡಬೇಕು. ಫೋನಿನ ಬೆಳಕಿನ ಅಳತೆಯಲ್ಲಿ 1,000 ಲಕ್ಸ್ ಕೂಡ ಬಾರದ ಜಾಗದಲ್ಲಿ ಗಿಡ ಬದುಕಿರಬಹುದು, ಬೆಳೆಯುವುದಿಲ್ಲ.

ಮರದ ನೆರಳಾದರೆ ಕೆಳಗಿನ ಕೊಂಬೆಗಳನ್ನು ತೆಗೆಯುವುದು ಮೇಲಿನ ತಲೆ ಕತ್ತರಿಸುವುದಕ್ಕಿಂತ ಎಷ್ಟೋ ಮೇಲು. ಓರೆ ಬಿಸಿಲು ಒಳಬರುತ್ತದೆ, ಗಾಳಿಯೂ ಆಡುತ್ತದೆ. ಒಮ್ಮೆಗೆ ಎಲೆಯಿರುವ ಕೊಂಬೆಗಳಲ್ಲಿ ಕಾಲು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ಕೊಂಬೆಯ ಬುಡದಲ್ಲಿ ಉಬ್ಬಿರುವ ಕೊರಳಪಟ್ಟಿಯನ್ನು ಉಳಿಸಿ ಅದರ ಹೊರಗೆ ಕತ್ತರಿಸಿ. ತಲೆ ಕಡಿದರೆ ಪೊರಕೆಯಂತೆ ಚಿಗುರೆದ್ದು ನೆರಳು ಮತ್ತೆ ದಟ್ಟವಾಗುತ್ತದೆ. ಮರವನ್ನೇ ತೆಗೆದುಹಾಕುವ ಯೋಚನೆಯಿದ್ದರೆ ತಡೆಯಿರಿ: ಆ ಮರ ದಿನವೂ ಮಣ್ಣಿನಿಂದ ನೀರೆತ್ತುತ್ತಿದೆ. ಅದು ಹೋದ ಮೇಲೆ ಜಾಗ ಬೆಳಕಾಗುತ್ತದೆ, ಆದರೆ ಇನ್ನೂ ಜೌಗಾಗಬಹುದು.

ಗೋಡೆಯ ನೆರಳಾದರೆ ಎದುರುಗೋಡೆಗೆ ಬಿಳಿ. ಶೀತ ಹಿಡಿದ ಗೋಡೆಗೆ ಪ್ಲಾಸ್ಟಿಕ್ಕಿನಂಥ ಬಣ್ಣ ಬಳಿದರೆ ಒಳಗಿನ ಶೀತ ಗುಳ್ಳೆಯೆದ್ದು ಚಕ್ಕೆ ಉದುರುತ್ತದೆ. ಉಸಿರಾಡುವ ಸುಣ್ಣವೇ ಲೇಸು, ವರ್ಷಕ್ಕೊಮ್ಮೆ ಬಳಿಯಬೇಕು ಎಂಬ ರಗಳೆಯಿದ್ದರೂ.

ಕಾಲಡಿಗೆ ಏನು ಹಾಸುವುದು

ಹುಲ್ಲುಹಾಸು ಬೇಡ. ನೆರಳು ತಡೆಯುವ ತಳಿಗೂ ದಿನಕ್ಕೆ ಮೂರು ನಾಲ್ಕು ಗಂಟೆ ಬಿಸಿಲು ಬೇಕು. ಇಲ್ಲದ ಕಡೆ ಹಾಕಿದರೆ ತೆಳ್ಳಗಾಗಿ, ಪಾಚಿಗೆ ಜಾಗ ಬಿಟ್ಟುಕೊಟ್ಟು ಹೋಗುತ್ತದೆ. ನಡೆಯದ ಮೂಲೆಯಲ್ಲಿ ಆ ಹಸಿರು ಹಾವಸೆಯನ್ನೇ ಉಳಿಸಿಕೊಂಡರೇನು? ಬಿದ್ದ ಎಲೆ ಗುಡಿಸುವುದೊಂದೇ ಅದಕ್ಕೆ ಬೇಕಾದ ಸೇವೆ.

ಓಡಾಡುವ ಕಡೆಗೆ ಜಲ್ಲಿ ಅಥವಾ ಕಲ್ಲು. ಜಲ್ಲಿ ನೀರನ್ನು ಕೆಳಗೆ ಬಿಡುತ್ತದೆ, ಅಗ್ಗ. ಬಟ್ಟೆಯ ಮೇಲೆ ಎರಡು ಇಂಚು ಸಾಕು. ಮರದ ಕೆಳಗಾದರೆ ಮಾತ್ರ ತರಗೆಲೆ ಜಲ್ಲಿಯೊಳಗೆ ಕೊಳೆತು ಎರಡು ವರ್ಷಕ್ಕೆ ಅದೇ ಮಣ್ಣಾಗಿ ಕಳೆ ಹುಟ್ಟುತ್ತದೆ. ಕಲ್ಲುಹಾಸಾದರೆ ಮೇಲ್ಮೈ ಒರಟಾಗಿರಲಿ, ಆರೇಳು ಅಡಿಗೆ ಒಂದು ಇಂಚಿನಷ್ಟು ವಾಟವಿರಲಿ, ಸಂದಿಗೆ ಸಿಮೆಂಟ್ ತುಂಬದೆ ದಪ್ಪ ಮರಳು ತುಂಬಿ. ನಯಗೊಳಿಸಿದ ಟೈಲ್ಸು, ಮರದ ಹಲಗೆಗಳು ಪಾಚಿ ಹಿಡಿದ ಮೇಲೆ ಸೊಂಟ ಮುರಿಯುವ ವಸ್ತುಗಳು. ಪುಟ್ಟ ಜಾಗಕ್ಕೆ ಹೊಂದುವುದು ಒಂದೂವರೆ ಅಡಿಗೊಂದರಂತೆ ಹೆಜ್ಜೆಗಲ್ಲು, ನಡುವೆ ಜಲ್ಲಿ ಅಥವಾ ಒಂದೆಲಗ.

ಗಿಡಗಳ ಆಯ್ಕೆ ಕೊನೆಗೆ

ತಗ್ಗುಪಾತಿಗೆ ಬೇರು ಮುಳುಗಿದರೂ ತಡೆಯುವವು ಬೇಕು: ಕೆಸು, ಛತ್ರಿಯಂತೆ ಎಲೆ ಬಿಚ್ಚುವ ಸೈಪರಸ್, ಅಂಚಿಗೆ ಒಂದೆಲಗ. ಕೆಸು ಎರಡೂವರೆ ಅಡಿಗೊಂದು, ಒಂದೆಲಗ ಅರ್ಧ ಅಡಿಗೊಂದು. ಹಿಮ ಬೀಳುವ ಹವೆಯಲ್ಲಿ ಆಸ್ಟಿಲ್ಬೆ, ಹೋಸ್ಟಾ ನೆಡಬಹುದು. ಆಸ್ಟಿಲ್ಬೆಗೆ ಪಾತಿಯ ಇಳಿಜಾರು ಹಿತ, ಹೋಸ್ಟಾವನ್ನು ಅಂಚಿನಲ್ಲಿಡಿ.

ಏರುಮಡಿಗೆ ಜರಿಗಿಡಗಳು, ಪೀಸ್ ಲಿಲಿ, ಅಗ್ಲೋನಿಮಾ, ಕ್ಯಾಲಥಿಯಾ, ಅರಿಶಿನ. ಜರಿಗಿಡಕ್ಕೆ ಶೀತ ಇಷ್ಟ ಎಂದು ಜೌಗಿಗೆ ಇಳಿಸುವುದು ಸಾಮಾನ್ಯ ತಪ್ಪು. ಅವುಗಳಲ್ಲಿ ಹೆಚ್ಚಿನವಕ್ಕೆ ತೇವದ ಗಾಳಿ, ತೇವವಾದರೂ ಸಡಿಲವಾದ ಮಣ್ಣು ಬೇಕು. ನಿಂತ ನೀರು ಬೇಡ. ಕಾಳುಮೆಣಸು, ವೀಳ್ಯದೆಲೆ ಬಳ್ಳಿಗಳದೂ ಅದೇ ಸ್ವಭಾವ: ನೆರಳು ಬೇಕು, ಬುಡದಲ್ಲಿ ನೀರು ನಿಂತರೆ ಕೊಳೆರೋಗ ಬಂದು ದಿನಗಳಲ್ಲೇ ಸೊರಗುತ್ತವೆ. ಗಿಡದ ಬುಡ ಸುತ್ತಲ ಮಣ್ಣಿಗಿಂತ ಒಂದು ಇಂಚು ಮೇಲಿರುವಂತೆ ನೆಡಿ. ತುಂಬಿದಂತೆ ಕಾಣಲಿ ಎಂದು ಒತ್ತೊತ್ತಾಗಿ ನೆಡಬೇಡಿ. ಗಾಳಿಯಾಡದಿದ್ದರೆ ಎಲೆಚುಕ್ಕೆ ಗ್ಯಾರಂಟಿ. ನೆರಳಿನಲ್ಲಿ ರಾಸಾಯನಿಕ ಗೊಬ್ಬರದ ಪ್ರಮಾಣ ಅರ್ಧಕ್ಕಿಳಿಸಿ, ಇಲ್ಲವಾದರೆ ಗಿಡ ಸೊಪ್ಪಾಗಿ ಉದ್ದಕ್ಕೆ ಬಿದ್ದು ಹುಳಕ್ಕೆ ಹಬ್ಬವಾಗುತ್ತದೆ.

ವೆಡೇಲಿಯಾವನ್ನು ಬೇಗ ನೆಲ ಮುಚ್ಚುವ ಗಿಡ ಎಂದು ಕೊಡುತ್ತಾರೆ, ಮುಚ್ಚುತ್ತದೆ ಕೂಡ. ಜಗತ್ತಿನ ನೂರು ಕುಖ್ಯಾತ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಒಂದು ಗೆಣ್ಣು ಉಳಿದರೂ ಮತ್ತೆ ಹಬ್ಬುತ್ತದೆ. ಪೀಸ್ ಲಿಲಿ, ಅಗ್ಲೋನಿಮಾ, ಕ್ಯಾಲಡಿಯಂ ಎಲೆಗಳಲ್ಲಿ ಬಾಯಿ ತುರಿಸುವ ಆಕ್ಸಲೇಟ್ ಹರಳುಗಳಿವೆ, ಎಲೆ ಕಚ್ಚುವ ಮಕ್ಕಳೋ ನಾಯಿಮರಿಯೋ ಇದ್ದರೆ ಎಟುಕದ ಕಡೆ ನೆಡಿ. ಬಸವನಹುಳುವಿಗೆ ಉಪ್ಪು ಎರಚಬೇಡಿ, ಅದು ಮಣ್ಣಿಗೂ ವಿಷ. ರಾತ್ರಿ ಒದ್ದೆ ಗೋಣಿಚೀಲ ಹಾಸಿ, ಬೆಳಿಗ್ಗೆ ಅದರಡಿ ಸೇರಿರುವುದನ್ನು ಆರಿಸಿ ತೆಗೆಯಿರಿ.

ನೆಟ್ಟ ಮೇಲೆ ಗಿಡವೊಂದು ಬಾಡಿ ಜೋತುಬಿದ್ದರೆ ಕೈ ತಕ್ಷಣ ನೀರಿನ ಪಾತ್ರೆಗೆ ಹೋಗುತ್ತದೆ. ಒಂದು ನಿಮಿಷ ನಿಲ್ಲಿ. ಉಸಿರು ಕಟ್ಟಿದ ಬೇರು ನೀರೆತ್ತಲಾರದು, ಹಾಗಾಗಿ ನೀರಿನಲ್ಲಿ ನಿಂತ ಗಿಡವೂ ಬಾಯಾರಿದ ಗಿಡದಂತೆಯೇ ಬಾಡುತ್ತದೆ. ಬುಡದ ಪಕ್ಕ ಬೆರಳನ್ನು ಎರಡು ಗೆಣ್ಣು ಇಳಿಸಿ ನೋಡಿ. ಒಳಗೆ ತಣ್ಣಗೆ ಅಂಟಿದರೆ ಗಿಡವನ್ನು ಹೆಂಟೆ ಸಮೇತ ಎತ್ತಿ ಬೇರು ತೊಳೆಯಿರಿ. ಬಿಳಿಯದಾಗಿ ಗಟ್ಟಿಯಾಗಿದ್ದರೆ ಅಲ್ಲೇ ಎರಡು ಇಂಚು ಎತ್ತರಿಸಿ ಮತ್ತೆ ನೆಡಬಹುದು. ಕಂದು ತಿರುಗಿ, ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಳಚಿ ಒಳಗಿನ ನೂಲು ಮಾತ್ರ ಉಳಿದರೆ, ಕೊಳೆತ ಭಾಗವನ್ನೆಲ್ಲ ಕತ್ತರಿಸಿ, ಎಲೆಗಳನ್ನು ಅರ್ಧಕ್ಕಿಳಿಸಿ ಕುಂಡಕ್ಕೆ ಹಾಕಿ. ಅದು ಎದ್ದ ಗುಂಡಿಗೆ ಇನ್ನೊಂದು ಅದೇ ಜಾತಿಯ ಗಿಡ ತರುವುದು ಬೇಡ. ಅಲ್ಲಿಗೆ ಒಂದು ಕೆಸುವಿನ ಗಡ್ಡೆ ಇಡಿ.